ಮಾರಿದ ಮನುಷ್ಯನಿಗೆ ಎಷ್ಟು ದಿನದ ಗ್ಯಾರಂಟಿ?

ನಮ್ಮಜ್ಜ ಒಂದು ಸಲ ದನದ ಜಾತ್ರೆಯಲ್ಲಿ ಎತ್ತು ಕೊಂಡು ಮೋಸಹೋಗಿದ್ದರು. ಆ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದಲ್ಲಾಳಿ ವ್ಯಾಪಾರ ಕುದುರಿಸಿದ್ದನಂತೆ. ಹಲ್ಲು ನೋಡಿದ್ದಾಯಿತು, ಸುಳಿ ನೋಡಿದ್ದಾಯಿತು, ನಾಲ್ಕು ಹೆಜ್ಜೆ ನಡೆಸಿ ನೋಡಿದ್ದೂ ಆಯಿತು. ಮನೆಗೆ ತಂದು ನೊಗಕ್ಕೆ ಕಟ್ಟಿದ ಮೂರನೇ ದಿನ ಎತ್ತು ಸಾಲಿನ ಮಧ್ಯೆ ಮಲಗಿಬಿಟ್ಟಿತು. ಎಬ್ಬಿಸಿದರೆ ಏಳುತ್ತದೆ, ಎರಡು ಸಾಲು ಎಳೆಯುತ್ತದೆ, ಮತ್ತೆ ಮಲಗುತ್ತದೆ. ಅಜ್ಜ ಅದನ್ನು ಹೊಡೆದುಕೊಂಡು ಮಾರಿದವನ ಊರಿಗೇ ಹೋದರು. ಅರಳಿಕಟ್ಟೆ ಮೇಲೆ ಪಂಚಾಯ್ತಿ ಸೇರಿತು. "ನಮ್ಮ ಕೊಟ್ಟಿಗೇಲಿ ಇದ್ದಾಗ ಬಂಗಾರದಂಥ ಎತ್ತು. ನೀವು ಮೇವು ಸರಿಯಾಗಿ ಹಾಕಿಲ್ಲ, ಹೊಡೆದು ಬಡಿದು ಕೆಡಿಸಿದ್ದೀರಿ" ಅಂತ ಅವನು. "ಇದು ಮೊದಲಿಂದಲೂ ಮೈಗಳ್ಳ, ನಿನಗದು ಗೊತ್ತಿತ್ತು" ಅಂತ ಅಜ್ಜ. ಕೊನೆಗೆ ಸ್ವಲ್ಪ ದುಡ್ಡು ವಾಪಸ್ಸು, ಎತ್ತು ಅಜ್ಜನಿಗೇ ಅಂತ ತೀರ್ಮಾನವಾಯಿತು. ಎತ್ತನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದಾದರೂ ಹೇಗೆ, ಅದು ಎತ್ತು!

ಈ ಕಥೆ ಈಗ ಯಾಕೆ ನೆನಪಾಯಿತು ಅಂದರೆ, ವಾಲ್ಟರ್ ಜಾನ್ಸನ್ ಅನ್ನುವ ಇತಿಹಾಸಕಾರ 1999ರಲ್ಲಿ ಬರೆದ 'ಸೋಲ್ ಬೈ ಸೋಲ್' ಅನ್ನುವ ಪುಸ್ತಕ ಓದುತ್ತಿದ್ದೆ. ನ್ಯೂ ಆರ್ಲಿಯನ್ಸ್ ನಗರದ ಗುಲಾಮರ ಸಂತೆಯ ಬಗ್ಗೆ ಇರುವ ಪುಸ್ತಕ. ಜಾನ್ಸನ್ ಅದಕ್ಕಾಗಿ ಲೂಯಿಸಿಯಾನಾ ರಾಜ್ಯದ ಸುಪ್ರೀಂ ಕೋರ್ಟಿನ ಸುಮಾರು 200 ಹಳೆಯ ಮೊಕದ್ದಮೆಗಳ ಕಡತ ಓದಿದ್ದಾರೆ. ಎಲ್ಲವೂ "ಕೊಂಡ ಮಾಲು ಸರಿಯಿಲ್ಲ" ಅನ್ನುವ ತಕರಾರುಗಳೇ. ಓದುತ್ತಾ ಹೋದಂತೆ ನನಗೆ ಅರಳಿಕಟ್ಟೆಯ ಪಂಚಾಯ್ತಿಯೇ ಕಿವಿಯಲ್ಲಿ ಕೇಳಿಸತೊಡಗಿತು. ಅದೇ ವಾದ, ಅದೇ ಪ್ರತಿವಾದ. "ನನ್ನಲ್ಲಿದ್ದಾಗ ಚೆನ್ನಾಗಿತ್ತು", "ನೀನು ಹೊಡೆದು ಕೆಡಿಸಿದೆ", "ನಿನಗೆ ಮೊದಲೇ ಗೊತ್ತಿತ್ತು". ವ್ಯತ್ಯಾಸ ಇಷ್ಟೇ. ಎತ್ತಿನ ಜಾಗದಲ್ಲಿ ಅಲ್ಲಿ ಮನುಷ್ಯರು ನಿಂತಿದ್ದರು.

ಅಮೆರಿಕದ ಗುಲಾಮಗಿರಿ ಅಂದರೆ ನಮಗೆ ಹತ್ತಿ ಹೊಲ, ಚಾವಟಿ, ಅಬ್ರಹಾಂ ಲಿಂಕನ್ ಇಷ್ಟು ನೆನಪಾಗುತ್ತದೆ. ಕೋರ್ಟು ನೆನಪಾಗುವುದಿಲ್ಲ. ಆದರೆ ನನಗೆ ಚಾವಟಿಗಿಂತಲೂ ಹೆಚ್ಚು ದಿಗಿಲು ಹುಟ್ಟಿಸಿದ್ದು ಈ ಕೋರ್ಟಿನ ಕಾಗದಗಳು. ಚಾವಟಿ ಹಿಡಿದವನಿಗೆ ಸಿಟ್ಟಾದರೂ ಇರುತ್ತದೆ. ಇಲ್ಲಿ ಯಾರಿಗೂ ಸಿಟ್ಟೇ ಇಲ್ಲ. ಎಲ್ಲವೂ ಕಾಯ್ದೆ ಪ್ರಕಾರ, ಸಾವಧಾನವಾಗಿ.

*

ಮೊದಲು ಸ್ವಲ್ಪ ಹಿನ್ನೆಲೆ. 1808ರಿಂದ ಹೊರದೇಶದಿಂದ ಗುಲಾಮರನ್ನು ಹಡಗಿನಲ್ಲಿ ತರುವುದನ್ನು ಅಮೆರಿಕ ನಿಷೇಧಿಸಿತು. ಅಷ್ಟರಲ್ಲಿ ದಕ್ಷಿಣದ ಲೂಯಿಸಿಯಾನಾ, ಮಿಸಿಸಿಪ್ಪಿ, ಅಲಬಾಮಾ ಕಡೆ ಹತ್ತಿ ಮತ್ತು ಕಬ್ಬಿನ ಬೇಸಾಯ ವಿಪರೀತ ಬೆಳೆಯುತ್ತಿತ್ತು. ಕೂಲಿಗೆ ಜನ ಬೇಕು, ಹೊರಗಿನಿಂದ ತರುವಂತಿಲ್ಲ. ಆಗ ಶುರುವಾಯಿತು ನೋಡಿ ಒಳನಾಡಿನ ವ್ಯಾಪಾರ. ವರ್ಜೀನಿಯಾ, ಮೇರಿಲ್ಯಾಂಡ್‌ನಂಥ ಹಳೆಯ ರಾಜ್ಯಗಳಲ್ಲಿ ಗುಲಾಮರನ್ನು ಕೊಂಡು ದಕ್ಷಿಣಕ್ಕೆ ಸಾಗಿಸಿ ಮಾರುವ ದಂಧೆ. 1790ರಿಂದ 1860ರವರೆಗೆ ಹೀಗೆ ಹಳೆಯ ರಾಜ್ಯಗಳಿಂದ ಕೆಳದಕ್ಷಿಣಕ್ಕೆ ಹೋದವರು ಸುಮಾರು 10 ಲಕ್ಷ ಜನ. ಅವರಲ್ಲಿ ಹೆಚ್ಚಿನವರು ಹೋದದ್ದು ವ್ಯಾಪಾರಿಗಳ ಕೈಯಲ್ಲಿ. ಗಂಡನನ್ನು ಬಿಟ್ಟು ಹೆಂಡತಿ, ತಾಯಿಯನ್ನು ಬಿಟ್ಟು ಮಗು. 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿದ್ದ ಗುಲಾಮರ ಸಂಖ್ಯೆ 39 ಲಕ್ಷ ದಾಟಿತ್ತು.

ಇಷ್ಟು ದೊಡ್ಡ ವ್ಯಾಪಾರ ಅಂದಮೇಲೆ ಮೋಸ ಇರಲೇಬೇಕಲ್ಲ? ಸಂತೆಗೆ ತರುವ ಮುಂಚೆ ವ್ಯಾಪಾರಿಗಳು ಜನರಿಗೆ ಚೆನ್ನಾಗಿ ಉಣ್ಣಿಸಿ ಮೈ ತುಂಬಿಸುತ್ತಿದ್ದರು, ಮುಖಕ್ಕೆ ಜಿಡ್ಡು ಸವರಿ ಹೊಳಪು ಬರಿಸುತ್ತಿದ್ದರು. ವಿಲಿಯಂ ವೆಲ್ಸ್ ಬ್ರೌನ್ ಅನ್ನುವವರು ಗುಲಾಮರಾಗಿದ್ದಾಗ ಒಬ್ಬ ವ್ಯಾಪಾರಿಯ ಕೈಕೆಳಗೆ ಇದೇ ಕೆಲಸ ಮಾಡಬೇಕಾಗಿ ಬಂದಿತ್ತು. ವಯಸ್ಸಾದವರ ಬಿಳಿ ಗಡ್ಡದ ಕೂದಲು ಕೀಳುವುದು, ಕೀಳಲಾರದಷ್ಟು ಇದ್ದರೆ ಕಪ್ಪು ಬಳಿಯುವುದು. ತಪ್ಪಿಸಿಕೊಂಡು ಸ್ವತಂತ್ರರಾದ ಮೇಲೆ 1847ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇದನ್ನು ಬರೆದಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಕೊಂಬು ಹೆರೆದು ಎಣ್ಣೆ ಹಚ್ಚುವುದಿಲ್ಲವೇ, ಹಾಗೆ.

ಕೊಂಡವನು ಮನೆಗೆ ಹೋಗಿ ನೋಡಿದಾಗ ಬಣ್ಣ ಬಯಲಾಗುತ್ತಿತ್ತು. ಆಗ ಕೋರ್ಟು.

*

ಈ ವಿಷಯದಲ್ಲಿ ಎಲ್ಲ ರಾಜ್ಯಗಳ ಕಾಯ್ದೆ ಒಂದೇ ಥರ ಇರಲಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಇಂಗ್ಲೆಂಡಿನ ಹಳೆಯ ನಿಯಮ. ಕೊಳ್ಳುವವನೇ ಕಣ್ಣು ಬಿಟ್ಟು ನೋಡಿ ಕೊಳ್ಳಬೇಕು, ಆಮೇಲೆ ಅತ್ತರೆ ಕೇಳುವವರಿಲ್ಲ. ಮಾರುವವನು ಬರೆದು ಕೊಟ್ಟಿದ್ದರೆ ಮಾತ್ರ ಜವಾಬ್ದಾರಿ. ಆದ್ದರಿಂದಲೇ ಅಲ್ಲಿನ ಖರೀದಿ ಪತ್ರಗಳಲ್ಲಿ ಒಂದು ಮಾತು ಮಂತ್ರದಂತೆ ಮತ್ತೆ ಮತ್ತೆ ಬರುತ್ತದೆ. ಈ ವ್ಯಕ್ತಿಯ ದೇಹ ಮನಸ್ಸು ಎರಡೂ ಗಟ್ಟಿಯಾಗಿವೆ, ಈತ ಜೀವವಿರುವವರೆಗೆ ಗುಲಾಮ ಅಂತ. ಸೌತ್ ಕೆರೊಲಿನಾದ ಕೋರ್ಟುಗಳು ಮಾತ್ರ ಬೇರೆ ದಾರಿ ಹಿಡಿದವು. ಪೂರ್ತಿ ಬೆಲೆ ಕೊಟ್ಟಿದ್ದಾನೆ ಅಂದರೆ ಪೂರ್ತಿ ಆರೋಗ್ಯದ ಖಾತರಿಯೂ ಅದರಲ್ಲೇ ಸೇರಿದೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ ಅನ್ನುವುದು ಅವರ ವಾದ. 1793ರಲ್ಲೇ ಟಿಮ್ರಾಡ್ ಮತ್ತು ಶೂಲ್‌ಬ್ರೆಡ್ ಅನ್ನುವವರ ನಡುವಿನ ಮೊಕದ್ದಮೆಯಲ್ಲಿ, ಕೊಂಡ ಬೆನ್ನಿಗೇ ಸಿಡುಬು ಕಾಣಿಸಿಕೊಂಡ ಒಬ್ಬ ಗುಲಾಮನ ವಿಚಾರಕ್ಕೆ ಅಲ್ಲಿನ ಕೋರ್ಟು ಈ ತತ್ವ ಹಿಡಿದಿತ್ತು.

ಎಲ್ಲರಿಗಿಂತ ಕೊಳ್ಳುವವನ ಪಕ್ಷ ಹೆಚ್ಚು ವಹಿಸಿದ್ದು ಲೂಯಿಸಿಯಾನಾ. ಅದು ಹಿಂದೆ ಫ್ರೆಂಚರ, ಸ್ಪ್ಯಾನಿಷರ ವಸಾಹತು. ಅಲ್ಲಿನ ಕಾಯ್ದೆಯ ಬೇರು ರೋಮನ್ ಕಾಯ್ದೆಯಲ್ಲಿದೆ. ಮಾಲಿನಲ್ಲಿ ಮುಚ್ಚಿಟ್ಟ ದೋಷವಿದ್ದರೆ ವ್ಯಾಪಾರ ಮುರಿದು ದುಡ್ಡು ವಾಪಸ್ಸು ಪಡೆಯುವ ಹಕ್ಕು, ಅದಕ್ಕೆ 'ರೆಡ್‌ಹಿಬಿಷನ್' ಅಂತ ಹೆಸರು. ಬೇಕಾದರೆ ಮಾಲು ಇಟ್ಟುಕೊಂಡು ಬೆಲೆ ಇಳಿಸಿಕೊಳ್ಳಲೂಬಹುದು. (ನಮ್ಮಜ್ಜನ ಪಂಚಾಯ್ತಿ ಮಾಡಿದ್ದೂ ಇದನ್ನೇ. ಅವರ್‍ಯಾರೂ ರೋಮನ್ ಕಾಯ್ದೆ ಓದಿದವರಲ್ಲ!)

1825ರ ಲೂಯಿಸಿಯಾನಾ ಸಿವಿಲ್ ಕೋಡ್‌ನಲ್ಲಿ ಈ ದೋಷಗಳ ಪಟ್ಟಿಯೇ ಇದೆ. ಶಿರೋನಾಮೆಯಂಥ ಒಂದು ವಾಕ್ಯದಲ್ಲಿ ಗುಲಾಮರು, ಪ್ರಾಣಿಗಳು ಇಬ್ಬರೂ ಒಟ್ಟಿಗೆ ಬರುತ್ತಾರೆ. ದೋಷ ಎರಡು ಬಗೆ, ದೇಹದ್ದು ಮತ್ತು ನಡತೆಯದು. ಗುಲಾಮರಿಗಾದರೆ ದೇಹದ ಪೂರ್ಣ ದೋಷಗಳು ಮೂರು: ಕುಷ್ಠ, ಹುಚ್ಚು, ಮೂರ್ಛೆರೋಗ. ಅದರ ಹಿಂದೆಯೇ ಕುದುರೆ, ಹೇಸರಗತ್ತೆಗಳ ಪಟ್ಟಿ. ಅವಕ್ಕೂ ಮೂರೇ ದೋಷ, ದಮ್ಮು ಕಟ್ಟುವುದು, ಮೂಗಿನಿಂದ ಸುರಿಯುವ ಅಂಟುರೋಗ, ಗೊರಸಿನ ಕಾಯಿಲೆ. ಗುಲಾಮರ ನಡತೆಯ ದೋಷಗಳೂ ಮೂರು: ಮರಣದಂಡನೆಗೆ ತಕ್ಕ ಅಪರಾಧ ಮಾಡಿರುವುದು, ಕಳ್ಳತನದ ಚಟ, ಓಡಿಹೋಗುವ ಚಟ. ಓಡಿಹೋಗುವ 'ಚಟ' ಅಂದರೆ ಎಷ್ಟು? ಅದಕ್ಕೂ ಲೆಕ್ಕ ಇದೆ. ಎರಡು ಸಲ ಹಲವು ದಿನ ಮನೆ ಬಿಟ್ಟು ಹೋಗಿರಬೇಕು, ಇಲ್ಲವೇ ಒಂದೇ ಸಲ ಒಂದು ತಿಂಗಳಿಗಿಂತ ಹೆಚ್ಚು.

ಗ್ಯಾರಂಟಿ ಎಷ್ಟು ದಿನ? ಕೊಂಡ ಮೂರು ದಿನದೊಳಗೆ ದೋಷ ಕಾಣಿಸಿಕೊಂಡರೆ ಅದು ಮೊದಲಿಂದಲೇ ಇತ್ತು ಅಂತ ಕಾಯ್ದೆ ಊಹಿಸಿಕೊಳ್ಳುತ್ತಿತ್ತು. ಆಮೇಲೆ ಕಾಣಿಸಿದರೆ ಮೊದಲೇ ಇತ್ತೆಂದು ಕೊಂಡವನು ಸಾಬೀತು ಮಾಡಬೇಕು. ಹೊರರಾಜ್ಯದ ವ್ಯಾಪಾರಿಗಳ ಮೋಸ ಹೆಚ್ಚಾದಾಗ 1834ರಲ್ಲಿ ಇದನ್ನು ಇನ್ನೂ ಬಿಗಿಮಾಡಿದರು. ರಾಜ್ಯಕ್ಕೆ ಬಂದು ಎಂಟು ತಿಂಗಳು ತುಂಬದ ಗುಲಾಮನಾದರೆ ಕಾಯಿಲೆಗೆ 15 ದಿನ, ಓಡಿಹೋಗುವುದಕ್ಕೆ 60 ದಿನ.

ಮಿಕ್ಸಿ ಕೊಂಡಾಗ ಡಬ್ಬಿಯೊಳಗೆ ಒಂದು ವಾರಂಟಿ ಕಾರ್ಡು ಇರುತ್ತಲ್ಲ, ಅದನ್ನು ನಾವು ಓದದೇ ಎಸೆಯುತ್ತೇವಲ್ಲ... ಈ ಕಾಯ್ದೆ ಓದಿದ ದಿನದಿಂದ ನನಗೆ ಆ ಕಾರ್ಡು ನೋಡಿದರೆ ಏನೋ ಒಂಥರಾ ಆಗುತ್ತದೆ.

*

ಒಂದು ಮೊಕದ್ದಮೆ ಹೇಳುತ್ತೇನೆ. 1835, ಲೂಯಿಸಿಯಾನಾ ಸುಪ್ರೀಂ ಕೋರ್ಟು. ಇಕಾರ್ ವಾದಿ, ಸುವಾರೆಸ್ ಪ್ರತಿವಾದಿ. ಕೊಂಡದ್ದು ಕೇಟ್ ಅನ್ನುವ ಹೆಂಗಸನ್ನು. ಆಕೆಗೆ ಹುಚ್ಚು, ವ್ಯಾಪಾರ ಮುರಿಯಿರಿ ಅಂತ ಕೊಂಡವನ ದೂರು. ಮಾರಿದವನ ಕಡೆಯ ವಾದ ಏನು ಗೊತ್ತೇ? ಕೇಟ್‌ಗೆ ಹುಚ್ಚಿಲ್ಲ, ಆಕೆ ದಡ್ಡಿ ಅಷ್ಟೆ. ಹುಚ್ಚು ಮುಚ್ಚಿಟ್ಟ ದೋಷ, ಆದರೆ ದಡ್ಡತನ ಕಣ್ಣಿಗೆ ಕಾಣುವ ದೋಷ. ಕಣ್ಣಿಗೆ ಕಾಣುವುದಕ್ಕೆ ನಾವು ಗ್ಯಾರಂಟಿ ಕೊಟ್ಟಿಲ್ಲ!

ನ್ಯಾಯಾಧೀಶರು ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಹುಚ್ಚು, ಬುದ್ಧಿಮಾಂದ್ಯ, ದಡ್ಡತನ ಇವುಗಳ ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ಚರ್ಚಿಸಿದರು. ಕೊನೆಗೆ, ಆ ಗೆರೆ ಎಲ್ಲೇ ಇರಲಿ, ಈಕೆಯಿಂದ ಕೆಲಸವಂತೂ ಆಗುವುದಿಲ್ಲ ಅಂತ ಕೊಂಡವನ ಪರವಾಗಿ ತೀರ್ಪಾಯಿತು. ದುಡ್ಡು ಒಂದು ಕಡೆಗೆ, ಕೇಟ್ ಇನ್ನೊಂದು ಕಡೆಗೆ.

ನಾನು ಇಲ್ಲಿ ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಿದೆ. ಒಬ್ಬ ಹೆಂಗಸು ಮಾರಾಟವಾಗಿ, ಗೊತ್ತಿಲ್ಲದ ಮನೆಗೆ ಬಂದು, ಹೇಳಿದ ಕೆಲಸ ಮಾಡದೆ ಸುಮ್ಮನೆ ಕುಳಿತರೆ ಅದು ಹುಚ್ಚೇ? ದಡ್ಡತನವೇ? ದುಃಖವೇ? ಅಥವಾ ಹಠವೇ? ಹಾಗೆ ಹಠ ಹಿಡಿದು ವ್ಯಾಪಾರ ಮುರಿಸಿದವರೂ ಇದ್ದರು ಅನ್ನುವುದನ್ನು ಜಾನ್ಸನ್ ತೋರಿಸುತ್ತಾರೆ. ಬೇಡದ ಯಜಮಾನ ಕೊಳ್ಳಲು ಬಂದಾಗ ಕಾಯಿಲೆ ಅಂತ ಹೇಳಿಕೊಳ್ಳುವುದು, ಕುಂಟುವುದು, ಮಂಕಾಗಿ ನಿಲ್ಲುವುದು. ವ್ಯಾಪಾರಿಗೆ ಗೊತ್ತಾದರೆ ಬೆನ್ನ ಚರ್ಮ ಸುಲಿಯುತ್ತದೆ ಅಂತ ಗೊತ್ತಿದ್ದೂ. ಕೇಟ್ ಹಾಗೆ ಮಾಡಿದಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕೋರ್ಟಿನ ಪಟ್ಟಿಯಲ್ಲಿ ದುಃಖಕ್ಕೆ, ಹಠಕ್ಕೆ ಜಾಗವೇ ಇರಲಿಲ್ಲ. ಹುಚ್ಚು ಅಥವಾ ದಡ್ಡತನ, ಎರಡರಲ್ಲಿ ಒಂದು ಆರಿಸಬೇಕು.

*

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಆ ಕೋರ್ಟಿನಲ್ಲಿ ಎಲ್ಲರೂ ಕೇಟ್ ಬಗ್ಗೆ ಮಾತಾಡಬಹುದು, ಕೇಟ್ ಮಾತಾಡುವಂತಿಲ್ಲ. ಬಿಳಿಯರು ಪಾರ್ಟಿಗಳಾಗಿರುವ ಮೊಕದ್ದಮೆಯಲ್ಲಿ ಗುಲಾಮರು ಸಾಕ್ಷಿ ಹೇಳುವಂತಿರಲಿಲ್ಲ. ಎಲ್ಲಿ ನೋಯುತ್ತದೆ, ಎಂದಿನಿಂದ ನೋಯುತ್ತದೆ ಅನ್ನುವುದು ಆಕೆಗೊಬ್ಬಳಿಗೇ ಗೊತ್ತು, ಆದರೆ ಆಕೆಯನ್ನು ಕೇಳುವಂತಿಲ್ಲ.

ಹಾಗಂತ ಆ ಮಾಹಿತಿ ಇಲ್ಲದೆ ಮೊಕದ್ದಮೆ ತೀರುವುದೂ ಇಲ್ಲವಲ್ಲ. ಅದಕ್ಕೆ ಕೋರ್ಟುಗಳು ಒಂದು ಹಿಂಬಾಗಿಲು ಮಾಡಿಕೊಂಡವು. ಗುಲಾಮ ಹೇಳಿದ್ದು ಸಾಕ್ಷಿಯಲ್ಲ, ಆದರೆ ಗುಲಾಮ ಡಾಕ್ಟರಿಗೆ ಹೇಳಿದ್ದನ್ನು ಡಾಕ್ಟರು ಬಂದು ಹೇಳಿದರೆ ಅದು ಸಾಕ್ಷಿ. ಏರಿಯೆಲಾ ಗ್ರಾಸ್ ಅನ್ನುವ ಕಾಯ್ದೆ ಇತಿಹಾಸಕಾರ್ತಿ 2000ದಲ್ಲಿ ಪ್ರಕಟವಾದ 'ಡಬಲ್ ಕ್ಯಾರೆಕ್ಟರ್' ಅನ್ನುವ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಪುಸ್ತಕದ ಹೆಸರೇ ಹೇಳುವಂತೆ, ಗುಲಾಮನಿಗೆ ಕಾಯ್ದೆಯಲ್ಲಿ ಎರಡು ವೇಷ. ಒಂದು ವಸ್ತು, ಇನ್ನೊಂದು ಮನುಷ್ಯ. ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪಿಗೆ ಶಿಕ್ಷೆ ಕೊಡುವಾಗ ಮನುಷ್ಯ, ಸಿವಿಲ್ ಕೋರ್ಟಿನಲ್ಲಿ ಬೆಲೆ ಕಟ್ಟುವಾಗ ವಸ್ತು ಅಂತ ನಾವು ಅಂದುಕೊಳ್ಳುತ್ತೇವೆ. ಗ್ರಾಸ್ ಹೇಳುವುದು, ಬೆಲೆ ಕಟ್ಟುವಾಗಲೂ ಒಳಗಿನ ಮನುಷ್ಯ ಎದ್ದು ಬರುತ್ತಲೇ ಇದ್ದ ಅಂತ.

ಓಡಿಹೋದವರ ಮೊಕದ್ದಮೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೊಂಡ ಗುಲಾಮ ಓಡಿಹೋದ. ಇವನಿಗೆ ಹುಟ್ಟಾ ಓಡುವ ಚಟ ಅಂತ ಕೊಂಡವನ ವಾದ. ಮಾರಿದವನು ತಪ್ಪಿಸಿಕೊಳ್ಳಬೇಕಾದರೆ ಏನು ಹೇಳಬೇಕು? ಇಲ್ಲ, ಅವನು ಒಳ್ಳೆಯವನು, ನಂಬಿಗಸ್ತ. ನೀನು ಅವನನ್ನು ಕ್ರೂರವಾಗಿ ನಡೆಸಿಕೊಂಡೆ, ಅದಕ್ಕೇ ಓಡಿಹೋದ ಅಂತ. ಅಂದರೆ ಓಡಿಹೋಗುವುದಕ್ಕೆ ಕಾರಣ ಇರುತ್ತದೆ, ಹೊಡೆದರೆ ಯಾರಾದರೂ ಓಡಿಹೋಗುತ್ತಾರೆ ಅಂತ ಒಬ್ಬ ಗುಲಾಮರ ವ್ಯಾಪಾರಿಯ ವಕೀಲ ಕೋರ್ಟಿನಲ್ಲಿ ನಿಂತು ಹೇಳಬೇಕು! ನೆರೆಹೊರೆಯವರು ಬಂದು ಯಜಮಾನನ ಕ್ರೌರ್ಯಕ್ಕೆ ಸಾಕ್ಷಿ ನುಡಿಯಬೇಕು. ಗುಲಾಮನ ನೋವು ಆ ಕೋರ್ಟಿನಲ್ಲಿ ನಿಜವಾಗುತ್ತಿದ್ದದ್ದು ಅದರಿಂದ ಇನ್ನೊಬ್ಬನ ದುಡ್ಡು ಉಳಿಯುವಾಗ ಮಾತ್ರ.

ಇದೇ ನ್ಯೂ ಆರ್ಲಿಯನ್ಸಿನಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ಡಾಕ್ಟರು 1851ರಲ್ಲಿ ಗುಲಾಮರು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಅಂತ ಪ್ರಬಂಧ ಬರೆದು ಅದಕ್ಕೆ 'ಡ್ರಾಪೆಟೋಮೇನಿಯಾ' ಅಂತ ಹೆಸರಿಟ್ಟರು. ಸ್ವಾತಂತ್ರ್ಯದ ಆಸೆಗೆ ಕಾಯ್ದೆಯಲ್ಲಿ 'ದೋಷ' ಅಂತ ಹೆಸರು, ವೈದ್ಯದಲ್ಲಿ 'ರೋಗ' ಅಂತ ಹೆಸರು. ಆಸೆ ಅನ್ನುವ ಹೆಸರು ಮಾತ್ರ ಎಲ್ಲೂ ಇಲ್ಲ.

*

ಎಲ್ಲೂ ಇಲ್ಲ ಅಂದೆನಲ್ಲ, ತಪ್ಪು. ಒಂದು ಕಡೆ ಇದೆ. ಅದೂ ಎಂಥವನ ಬಾಯಲ್ಲಿ!

1841ರಲ್ಲಿ 'ಕ್ರಿಯೋಲ್' ಅನ್ನುವ ಹಡಗು ವರ್ಜೀನಿಯಾದಿಂದ 135 ಗುಲಾಮರನ್ನು ತುಂಬಿಕೊಂಡು ನ್ಯೂ ಆರ್ಲಿಯನ್ಸಿಗೆ ಹೊರಟಿತು. ನವೆಂಬರ್ 7ರ ರಾತ್ರಿ ಮ್ಯಾಡಿಸನ್ ವಾಷಿಂಗ್ಟನ್ ಅನ್ನುವವನ ಮುಂದಾಳತ್ವದಲ್ಲಿ 19 ಜನ ದಂಗೆ ಎದ್ದು ಹಡಗು ವಶಪಡಿಸಿಕೊಂಡರು. ಬ್ರಿಟಿಷರ ಕೈಯಲ್ಲಿದ್ದ ನಸ್ಸಾವ್ ಬಂದರಿಗೆ ಹಡಗು ತಿರುಗಿಸಿದರು. ಅಲ್ಲಿ ಗುಲಾಮಗಿರಿ ಆಗಲೇ ರದ್ದಾಗಿತ್ತು. ಹಡಗಿನಲ್ಲಿದ್ದ ಬಹುತೇಕ ಎಲ್ಲರೂ ಸ್ವತಂತ್ರರಾದರು.

ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ? ಸರಕಿಗೆ ವಿಮೆ ಮಾಡಿಸಿದ್ದರು. ವಿಮೆ ಹಣ ಕೊಡಿ ಅಂತ ಕೋರ್ಟಿಗೆ ಹೋದರು. ಬ್ರಿಟಿಷ್ ಸರ್ಕಾರ ನಮ್ಮ ಮಾಲು ಕಿತ್ತುಕೊಂಡಿತು ಅನ್ನುವುದು ಅವರ ಅಹವಾಲು. ವಿಮಾ ಕಂಪನಿಗಳ ಪರ ವಾದಿಸಿದವರಲ್ಲಿ ಒಬ್ಬ ಜೂಡಾ ಬೆಂಜಮಿನ್. ನಷ್ಟಕ್ಕೆ ಕಾರಣ ಬ್ರಿಟಿಷರಲ್ಲ, ಗುಲಾಮರೇ ಎದ್ದ ದಂಗೆ ಅಂತ ಅವನು ತೋರಿಸಬೇಕಿತ್ತು. ದಂಗೆ ಯಾಕೆ ಎದ್ದರು ಅಂದರೆ, ಗುಲಾಮ ಮನುಷ್ಯನಾದ್ದರಿಂದ. ಅವನಿಗೂ ಬಿಳಿಯನ ಹಾಗೆಯೇ ಪ್ರೀತಿ, ಸಂಕಟ, ಸೇಡು, ಎಲ್ಲಕ್ಕಿಂತ ಹೆಚ್ಚಾಗಿ ಬಿಡುಗಡೆಯ ಹಂಬಲ ಇದೆ ಅಂತ ಬೆಂಜಮಿನ್ ತನ್ನ ವಾದಪತ್ರದಲ್ಲಿ ಬರೆದ. ಅಷ್ಟು ಜನರನ್ನು ಒತ್ತೊತ್ತಾಗಿ ಹಡಗಿಗೆ ತುಂಬಿದರೆ ಅವರು ತಿರುಗಿಬೀಳದೆ ಇರುತ್ತಾರೆಯೇ ಅಂತ ಕೇಳಿದ. 1845ರಲ್ಲಿ ಲೂಯಿಸಿಯಾನಾ ಸುಪ್ರೀಂ ಕೋರ್ಟು ಮೆಕಾರ್ಗೋ ಅನ್ನುವ ವ್ಯಾಪಾರಿಯ ಮೊಕದ್ದಮೆಯಲ್ಲಿ ವಿಮಾ ಕಂಪನಿಯ ವಾದವನ್ನೇ ಒಪ್ಪಿತು.

ಇದನ್ನು ಬರೆದ ಬೆಂಜಮಿನ್ ಗುಲಾಮಗಿರಿಯ ವಿರೋಧಿ ಅಂದುಕೊಂಡಿರಾ? ಅವನ ಕಬ್ಬಿನ ತೋಟದಲ್ಲಿ ನೂರಕ್ಕೂ ಹೆಚ್ಚು ಗುಲಾಮರಿದ್ದರು. ಮುಂದೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಸರ್ಕಾರದಲ್ಲಿ ಅವನು ಮಂತ್ರಿಯಾದ. ಸತ್ಯ ಗೊತ್ತಿಲ್ಲದೆ ಅವರು ತಪ್ಪು ಮಾಡಿದರು ಅಂತ ಹೇಳುವ ಹಾಗಿಲ್ಲ ನೋಡಿ. ಸತ್ಯ ಚೆನ್ನಾಗಿ ಗೊತ್ತಿತ್ತು. ಫೀಸು ಕೊಟ್ಟರೆ ಬರೆದೂ ಕೊಡುತ್ತಿದ್ದರು.

*

ಖರೀದಿ ಪತ್ರದ ಇನ್ನೊಂದು ಮಾತು 'ಜೀವವಿರುವವರೆಗೆ ಗುಲಾಮ' ಅನ್ನುವುದು. ಅದೇ ಸುಳ್ಳಾದರೆ?

ಸ್ಯಾಲಿ ಮಿಲ್ಲರ್ ಅನ್ನುವ ಹೆಂಗಸಿನ ಮೊಕದ್ದಮೆ ನ್ಯೂ ಆರ್ಲಿಯನ್ಸಿನಲ್ಲಿ ಮನೆಮಾತಾಗಿತ್ತು. ಜಾನ್ ಮಿಲ್ಲರ್ ಅನ್ನುವವನು ಆಕೆಯನ್ನು 1838ರಲ್ಲಿ ಲೂಯಿ ಬೆಲ್ಮಾಂಟಿಗೆ ಮಾರಿದ್ದ. 1843ರಲ್ಲಿ ಒಬ್ಬ ಜರ್ಮನ್ ಹೆಂಗಸು ಆಕೆಯನ್ನು ನೋಡಿ, 1818ರಲ್ಲಿ ತಮ್ಮೊಂದಿಗೆ ಯುರೋಪಿನಿಂದ ಬಂದು ಕಾಣೆಯಾಗಿದ್ದ ಬಡ ಮಗು ಸಲೋಮೆ ಮ್ಯೂಲರ್ ಇವಳೇ ಅಂತ ಗುರುತು ಹಿಡಿದಳು. ಮೊಕದ್ದಮೆಯಾಯಿತು. ಮಾರಿದ ಮಿಲ್ಲರನೂ ತನ್ನ ಖಾತರಿಗೆ ಉತ್ತರ ಕೊಡಲು ಕೋರ್ಟಿಗೆ ಬರಬೇಕಾಯಿತು. ತೊಡೆಯ ಮೇಲಿನ ಮಚ್ಚೆಗಳನ್ನು ಡಾಕ್ಟರುಗಳು ಪರೀಕ್ಷಿಸಿ ವರದಿ ಕೊಟ್ಟರು. ಕೆಳಗಿನ ಕೋರ್ಟಿನಲ್ಲಿ ಸೋತರೂ 1845ರಲ್ಲಿ ಸುಪ್ರೀಂ ಕೋರ್ಟು ಆಕೆಗೆ ಬಿಡುಗಡೆ ಕೊಟ್ಟಿತು. ನೋಡಲು ಬಿಳಿಯಳಾದ್ದರಿಂದ ಆಕೆ ಗುಲಾಮಳೆಂದು ಸಾಬೀತು ಮಾಡುವುದು ಯಜಮಾನನ ಹೊಣೆ ಅಂತ. ಆಕೆ ನಿಜವಾಗಿ ಆ ಜರ್ಮನ್ ಮಗುವೇ ಅನ್ನುವುದನ್ನು ಈಗಿನ ಕೆಲವು ಇತಿಹಾಸಕಾರರು ಅನುಮಾನಿಸುತ್ತಾರೆ. ಇದ್ದದ್ದು ಒಂದೇ ಬಾಗಿಲು, ಅದನ್ನು ಆಕೆ ತಟ್ಟಿರಬಹುದು. ಹಾಗಿದ್ದರೆ ನನಗಂತೂ ಆಕೆಯ ಮೇಲೆ ಗೌರವ ಹೆಚ್ಚೇ ಆಗುತ್ತದೆ.

ಆ ಬಾಗಿಲು ಕಪ್ಪು ಬಣ್ಣದವರಿಗೆ ಇರಲಿಲ್ಲ. 2013ರ '12 ಇಯರ್ಸ್ ಎ ಸ್ಲೇವ್' ಸಿನಿಮಾ ನೋಡಿದವರಿಗೆ ಸಾಲೊಮನ್ ನಾರ್ಥಪ್ ಗೊತ್ತಿರುತ್ತಾನೆ. ನ್ಯೂಯಾರ್ಕಿನ ಸ್ವತಂತ್ರ ಪ್ರಜೆ. 1841ರಲ್ಲಿ ಮೋಸದಿಂದ ಹಿಡಿದು ಜೇಮ್ಸ್ ಬರ್ಚ್ ಅನ್ನುವ ವ್ಯಾಪಾರಿಗೆ ಮಾರಿದರು. ಹನ್ನೆರಡು ವರ್ಷ ಕಳೆದು 1853ರಲ್ಲಿ ಬಿಡುಗಡೆಯಾಗಿ ಬಂದವನು ವಾಷಿಂಗ್ಟನ್‌ನಲ್ಲಿ ಬರ್ಚ್ ಮೇಲೆ ದೂರು ಕೊಟ್ಟ. ಬರ್ಚ್ ಹೇಳಿಕೆ ಕೊಟ್ಟ, ಅವನ ಸಾಕ್ಷಿಗಳೂ ಹೇಳಿಕೆ ಕೊಟ್ಟರು. ನಾರ್ಥಪ್ ಬಾಯಿ ತೆರೆಯುವಂತಿರಲಿಲ್ಲ. ಬಿಳಿಯನ ವಿರುದ್ಧ ಕಪ್ಪು ಮನುಷ್ಯನ ಸಾಕ್ಷಿ ನಡೆಯುವುದಿಲ್ಲ. ಬರ್ಚ್ ಮನೆಗೆ ಹೋದ. ತನ್ನನ್ನೇ ಮಾರಿದ್ದಕ್ಕೆ ತಾನೇ ಸಾಕ್ಷಿ ಹೇಳುವಂತಿಲ್ಲ!

*

ಇಷ್ಟು ಹೊತ್ತು ಕೋರ್ಟನ್ನು ಪಂಚಾಯ್ತಿಗೆ ಹೋಲಿಸುತ್ತಾ ಬಂದೆ, ಇಬ್ಬರ ಜಗಳ ಬಿಡಿಸುವ ಮೂರನೆಯವರು ಅಂತ. ಅದೂ ಸರಿಯಲ್ಲ. ಥಾಮಸ್ ರಸೆಲ್ ಅನ್ನುವ ಕಾಯ್ದೆ ಇತಿಹಾಸಕಾರರು ಸೌತ್ ಕೆರೊಲಿನಾದ ದಾಖಲೆ ಲೆಕ್ಕ ಹಾಕಿ 1993ರಲ್ಲಿ ಒಂದು ಲೇಖನ ಬರೆದರು. ಆ ರಾಜ್ಯದ ಗುಲಾಮರ ಮಾರಾಟಗಳಲ್ಲಿ ಸುಮಾರು ಅರ್ಧದಷ್ಟು ನಡೆದದ್ದು ಕೋರ್ಟಿನ ಆಜ್ಞೆಯಿಂದ ಅಥವಾ ಮೇಲ್ವಿಚಾರಣೆಯಲ್ಲಿ. ಸಾಲ ತೀರಿಸದವನ ಆಸ್ತಿ ಜಪ್ತಿ, ಸತ್ತವನ ಆಸ್ತಿ ಪಾಲು, ಹೀಗೆ. ಆ ರಾಜ್ಯದ ಅತಿ ದೊಡ್ಡ ಗುಲಾಮ ಹರಾಜು ಕಂಪನಿ ಯಾವುದು ಅಂದರೆ ಕೋರ್ಟೇ ಅಂತ ಅವರ ಮಾತು. ಅಪ್ಪ ಸತ್ತು ಅಣ್ಣತಮ್ಮಂದಿರು ಪಾಲು ಕೇಳಿದರೆ ಗುಲಾಮರ ಸಂಸಾರವೂ ಪಾಲಾಗುತ್ತಿತ್ತು. ಮಂಚ, ಕಪಾಟು, ತಾಯಿ, ಮಗು.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಇದೇ ಕಾಲದಲ್ಲಿ, 1843ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸರ್ಕಾರ 5ನೇ ಕಾಯ್ದೆ ಮಾಡಿತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಕೆನರಾ ಜಿಲ್ಲೆಗೂ ಅದು ಅನ್ವಯಿಸಿತು. ಕೋರ್ಟಿನ ಡಿಕ್ರಿಗಾಗಲೀ ಕಂದಾಯ ಬಾಕಿಗಾಗಲೀ ಯಾವ ಅಧಿಕಾರಿಯೂ ಮನುಷ್ಯರನ್ನು ಗುಲಾಮರೆಂದು ಮಾರುವಂತಿಲ್ಲ, ಗುಲಾಮನ ಮೇಲಿನ ಒಡೆತನವನ್ನು ಯಾವ ಕೋರ್ಟೂ ಮಾನ್ಯ ಮಾಡುವಂತಿಲ್ಲ ಅಂತ. ಮಾಡಬೇಡಿ ಅಂತ ಬರೆಯಬೇಕಾಯಿತು ಅಂದರೆ ಅದರ ಅರ್ಥವೇನು, ನೀವೇ ಯೋಚಿಸಿ. 1800-01ರಲ್ಲಿ ಮೈಸೂರು, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಗದ್ದೆಗಳಲ್ಲಿ ದುಡಿಯುವ ಗುಲಾಮರ ಬಗ್ಗೆ ಬರೆದಿದ್ದಾನೆ. ಕಾಯ್ದೆ ಬಂದ ತಕ್ಷಣ ಜೀತ ಹೋಗಲಿಲ್ಲ. ಜೀತ ರದ್ದತಿ ಕಾಯ್ದೆಗೆ ನಾವು 1976ರವರೆಗೆ ಕಾಯಬೇಕಾಯಿತು. ಆದ್ದರಿಂದ "ಅಮೆರಿಕದವರು ನೋಡಿ ಎಂಥವರು" ಅಂತ ಮೂಗು ಮುರಿಯುವ ಹಕ್ಕು ನಮಗೆ ಅಷ್ಟೇನೂ ಇಲ್ಲ.

*

ಕೊನೆಯದಾಗಿ ಒಂದು ಮೊಕದ್ದಮೆ. ಇದನ್ನು ಓದಿದ ಮೇಲೇ ಈ ಲೇಖನ ಬರೆಯಬೇಕು ಅನ್ನಿಸಿದ್ದು.

1861ರ ಮಾರ್ಚ್. ಅರ್ಕಾನ್ಸಾ ರಾಜ್ಯ. ಯುದ್ಧ ಶುರುವಾಗಲು ಕೆಲವೇ ವಾರ ಬಾಕಿ. ಆಲ್ಬರ್ಟ್ ಅನ್ನುವ, ಸುಮಾರು 23 ವರ್ಷದ ಯುವಕನ ಮಾರಾಟವಾಯಿತು. ಕೊಂಡವನು ನಗದು ಕೊಡದೆ 1,300 ಡಾಲರಿಗೆ ಪ್ರಾಮಿಸರಿ ನೋಟು ಬರೆದುಕೊಟ್ಟ. ಪತ್ರದಲ್ಲಿ ಅದೇ ಮಂತ್ರ, ದೇಹ ಮನಸ್ಸು ಗಟ್ಟಿ, ಜೀವವಿರುವವರೆಗೆ ಗುಲಾಮ. ಯುದ್ಧವಾಯಿತು, ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು, 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ಹೋಯಿತು. ಆಲ್ಬರ್ಟ್ ಸ್ವತಂತ್ರನಾದ.

ನೋಟು ಮಾತ್ರ ಇತ್ತಲ್ಲ! ದುಡ್ಡು ಕೊಡು ಅಂತ ಮೊಕದ್ದಮೆ ಬಿತ್ತು. ಜೀವವಿರುವವರೆಗೆ ಗುಲಾಮ ಅಂತ ಗ್ಯಾರಂಟಿ ಕೊಟ್ಟಿದ್ದೀರಿ, ಈಗ ಅವನು ಗುಲಾಮನಲ್ಲ, ಗ್ಯಾರಂಟಿ ಮುರಿದಿದೆ, ನಾನ್ಯಾಕೆ ಕೊಡಲಿ ಅಂತ ಕೊಂಡ ಕಡೆಯ ವಾದ. ಗುಲಾಮರ ಸಾಲಕ್ಕೆ ಮಾನ್ಯತೆ ಇಲ್ಲ ಅಂತ ಅರ್ಕಾನ್ಸಾ ತನ್ನ 1868ರ ಸಂವಿಧಾನದಲ್ಲಿ ಬರೆದುಕೊಂಡಿತ್ತು ಕೂಡ. ಆಸ್‌ಬಾರ್ನ್ ಮತ್ತು ನಿಕಲ್ಸನ್ ಅನ್ನುವವರ ನಡುವಿನ ಈ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1872ರಲ್ಲಿ ತೀರ್ಪಾಯಿತು. ದುಡ್ಡು ಕೊಡಬೇಕು ಅಂತ! ಮಾರಿದ ದಿನ ಕಾಯ್ದೆ ಪ್ರಕಾರ ಅವನು ಜೀವವಿರುವವರೆಗೆ ಗುಲಾಮನೇ ಆಗಿದ್ದ, ಆದ್ದರಿಂದ ಗ್ಯಾರಂಟಿ ಸುಳ್ಳಲ್ಲ. ಆಮೇಲೆ ಆದ ನಷ್ಟ ಕೊಂಡವನದು. ನಡೆದ ಕರಾರನ್ನು ರಾಜ್ಯ ಹಿಂದಿನಿಂದ ಅಳಿಸುವಂತಿಲ್ಲ. ಮುಖ್ಯ ನ್ಯಾಯಾಧೀಶ ಸಾಮನ್ ಚೇಸ್ ಮಾತ್ರ ಒಪ್ಪಲಿಲ್ಲ. ಗುಲಾಮಗಿರಿಯನ್ನು ರದ್ದು ಮಾಡಿದ ತಿದ್ದುಪಡಿ ಅದರ ಬೆನ್ನಿಗಂಟಿದ ಇಂಥ ಕರಾರುಗಳನ್ನೂ ರದ್ದು ಮಾಡಿತು ಅಂತ ಅವರ ಭಿನ್ನಾಭಿಪ್ರಾಯ. ಯೌವನದಲ್ಲಿ ಓಡಿಬಂದ ಗುಲಾಮರ ಪರ ವಕಾಲತ್ತು ವಹಿಸಿದ್ದವರು ಅವರು.

ಅಂದರೆ ಬಿಡುಗಡೆಯಾಗಿ ಏಳು ವರ್ಷವಾದ ಮೇಲೂ ದೇಶದ ಅತ್ಯುನ್ನತ ಕೋರ್ಟು ಒಬ್ಬ ಮನುಷ್ಯನ ಬೆಲೆಯನ್ನು ವಸೂಲಿ ಮಾಡಿಸಿತು. ಆ 1,300 ಡಾಲರು ಹೋದದ್ದು ಒಬ್ಬ ಬಿಳಿಯನಿಂದ ಇನ್ನೊಬ್ಬ ಬಿಳಿಯನಿಗೆ. ಆಲ್ಬರ್ಟ್‌ನ ವರ್ಷಗಳಿಗೆ ಯಾವ ನೋಟನ್ನೂ ಯಾರೂ ಬರೆದುಕೊಟ್ಟಿರಲಿಲ್ಲ. ಆದ್ದರಿಂದ ಅವನಿಗೆ ಕೋರ್ಟಿನಲ್ಲಿ ತೋರಿಸಲು ಏನೂ ಇರಲಿಲ್ಲ.

ಈ ಮೊಕದ್ದಮೆಗಳ ಬಗ್ಗೆ ಒಂದು ದಿನ ಫೋನಿನಲ್ಲಿ ಅಪ್ಪನಿಗೆ ಹೇಳುತ್ತಿದ್ದೆ. ಎಲ್ಲ ಕೇಳಿಸಿಕೊಂಡು ಅವರು, "ಆ ಎತ್ತಿನ ಕಥೆ ಪೂರ್ತಿ ಗೊತ್ತಾ ನಿನಗೆ?" ಅಂದರು. ಮೈಗಳ್ಳ ಅಂತ ಬೈಸಿಕೊಂಡ ಆ ಎತ್ತಿನ ಹೆಗಲಿನೊಳಗೆ ಹಳೆಯ ಗಾಯವೊಂದು ಕೀವು ಕಟ್ಟಿತ್ತಂತೆ. ಎರಡು ತಿಂಗಳಾದ ಮೇಲೆ ಅದು ಒಡೆದಾಗಲೇ ಗೊತ್ತಾದದ್ದು. ನೊಗ ತಾಗಿದಾಗಲೆಲ್ಲ ನೋವಿಗೆ ಮಲಗುತ್ತಿತ್ತು. "ನಿಮ್ಮಜ್ಜ ಆಮೇಲೆ ಅದನ್ನು ಮಾರಲಿಲ್ಲ. ಸಾಯೋವರೆಗೂ ಕೊಟ್ಟಿಗೇಲೇ ಇತ್ತು. ಕೇಳದೇ ಹೊಡೆದೆನಲ್ಲ ಅಂತ ಆಗಾಗ ಅಂದ್ಕೋತಿದ್ರು" ಅಂದರು ಅಪ್ಪ.

ಎತ್ತಿಗೆ ಬಾಯಿ ಇರಲಿಲ್ಲ. ಕೇಟ್‌ಗೆ ಇತ್ತು.